ಮಂಗಳೂರಿನ ಪಿಎಂ2.5 ಗ್ರಾಫ್ ಉಲ್ಟಾ ಬರುತ್ತಿದೆ, ಸೆನ್ಸರ್ ಹೋಗಿದೆಯಾ?

ಒಂಟಿಕೊಪ್ಪಲ್_ಹವಾ:
ತಲೆ ಕೆಟ್ಟುಹೋಗಿದೆ. ಮಂಗಳೂರಿನ ಉರ್ವದಲ್ಲಿ ಅಕ್ಕನ ಮನೆ ಟೆರೇಸಿನಲ್ಲಿ ಧೂಳಿನ ಸೆನ್ಸರ್ (ಪಿಎಂ2.5, ಅಂದರೆ 2.5 ಮೈಕ್ರಾನ್‌ವರೆಗಿನ ಸಣ್ಣ ಕಣ ಅಳೆಯುವುದು), ಗಾಳಿ ಮಾಪಕ ಎರಡನ್ನೂ ಇಟ್ಟು ಬಂದಿದ್ದೇನೆ. ಡೇಟಾ ಮೈಸೂರಿಗೆ ಬರುತ್ತದೆ. ಕಡಲ ಗಾಳಿ ಬಂದ ಮೇಲೆ ಧೂಳು ಇಳಿಯಬೇಕು, ಅಲ್ವಾ? ಇಲ್ಲಿ ಬೆಳಗ್ಗೆ ಆರಕ್ಕೇ ಇಳಿಯುತ್ತದೆ. ಮಧ್ಯಾಹ್ನ ಎರಡೂವರೆಗೆ, ಗಾಳಿ ಜೋರಾಗಿರುವಾಗಲೇ, ಏರುವುದಕ್ಕೆ ಶುರು. ಎಲ್ಲಕ್ಕಿಂತ ಜಾಸ್ತಿ ರಾತ್ರಿ ಎರಡಕ್ಕೆ. ಆ ಹೊತ್ತಿನಲ್ಲಿ ಯಾರು ಗಾಡಿ ಓಡಿಸುತ್ತಾರೆ? ಫ್ಯಾನ್ ಕ್ಲೀನ್ ಆಯಿತು, ಕೇಬಲ್ ಬದಲಾಯಿತು. ಹೊಸದು ತರಿಸಬೇಕಾ?

ಸರ್ಕ್ಯೂಟ್_ಸೀನ:
ಯಾವ ಸೆನ್ಸರ್? ಯಾವ ತಿಂಗಳ ಗ್ರಾಫ್? ಏನೂ ಹೇಳದೆ ಹೊಸದು ತರಿಸಬೇಕಾ ಅಂದರೆ ಏನು ಹೇಳುವುದು ಗುರು?

ಒಂಟಿಕೊಪ್ಪಲ್_ಹವಾ:
ಪಿಎಂಎಸ್5003, ಇನ್ಯಾವುದು? ಡಿಸೆಂಬರ್, ಜನವರಿ.

ಮಂಡ್ಯ_ಮೋಡ:
ಉಪ್ಪು ಕಣ್ರೀ, ಬೇರೇನೂ ಅಲ್ಲ. ಮಧ್ಯಾಹ್ನದ ಗಾಳಿ ಅಲೆ ಮೇಲಿಂದ ಉಪ್ಪು ಹೊತ್ತು ತರುತ್ತದೆ. ಸೆನ್ಸರಿನೊಳಗಿನ ಲೇಸರಿಗೆ ಹೊಗೆ ಯಾವುದು, ಉಪ್ಪು ಯಾವುದು ಅಂತ ಗೊತ್ತಾಗಲ್ಲ. ಬೆಳಕು ಚದುರಿತು ಅಂದರೆ ಎಣಿಸಿಬಿಡುತ್ತದೆ.

ಸರ್ಕ್ಯೂಟ್_ಸೀನ:
ಉಪ್ಪಿನ ಕಣ ಬಹುಪಾಲು ದಪ್ಪ. ಏರಿದರೆ ಪಿಎಂ10 (10 ಮೈಕ್ರಾನ್‌ವರೆಗಿನ ಕಣ) ಏರಬೇಕು, ಪಿಎಂ2.5 ಇಷ್ಟು ಏರಲ್ಲ. ಅಲ್ಲದೆ ರಾತ್ರಿ ಎರಡಕ್ಕೆ ಗಾಳಿ ನೆಲದಿಂದ ಕಡಲಿಗೆ ಹೋಗುತ್ತಿರುತ್ತದೆ. ಆಗ ಉಪ್ಪು ಘಟ್ಟದಿಂದ ಇಳಿಯಿತಾ?

ಮಂಡ್ಯ_ಮೋಡ:
ಹಗಲು ಬಂದಿದ್ದು ರಾತ್ರಿ ಉಬ್ಬುತ್ತದೆ ಸಾರ್. ತೇವಾಂಶ ಶೇಕಡಾ 75ರ ಮೇಲೆ ಹೋದರೆ ಉಪ್ಪು ನೀರು ಕುಡಿದು ಹನಿಯಾಗುತ್ತದೆ. ಅದನ್ನೇ ಸೆನ್ಸರ್ ಧೂಳು ಅನ್ನುತ್ತದೆ. ನನ್ನ ಸೆಟಪ್‌ನಲ್ಲಿ ಈ ತೊಂದರೆಯೇ ಇಲ್ಲ. ಎರಡು ಪಿಎಂಎಸ್, ತೇವಾಂಶ ಅಳೆಯೋಕೆ ಒಂದು ಬಿಎಂಇ280, ಸೋಲಾರ್, ಒಳಗೆ ಬರುವ ಗಾಳಿಗೆ ಸಣ್ಣ ಹೀಟರ್. ಪಕ್ಕದ ಆಲೆಮನೆ ಒಲೆ ಹತ್ತಿದ್ದು ಮನೆಯಲ್ಲಿ ಕೂತೇ ತಿಳಿಯುತ್ತದೆ.

ಕುಕ್ಕರಹಳ್ಳಿ_ಕೆರೆದಂಡೆ:
ಆಲೆಮನೆ ಹೊಗೆ ತಿಳಿಯೋಕೆ ಮೂಗು ಸಾಲದಾ ಅಣ್ಣಾ? ಇರಲಿ. ಗಾಳಿ 270 ಡಿಗ್ರಿ ತೋರಿಸುತ್ತಿದ್ದರೆ ಪಡುವಣಕ್ಕೆ ಹೋಗುತ್ತಿದೆ ಅಂತ ತಾನೇ?

ಸರ್ಕ್ಯೂಟ್_ಸೀನ:
ಅಲ್ಲ. ಗಾಳಿಗೆ ಬರುವ ದಿಕ್ಕು ಬರೆಯುತ್ತಾರೆ, ಹೋಗುವ ದಿಕ್ಕಲ್ಲ.

ಮಂಡ್ಯ_ಮೋಡ:
ಅದು ಹವಾಮಾನದವರ ಲೆಕ್ಕ. ನಮ್ಮ ಬಾಣ ಹೋಗುವ ಕಡೆ ತೋರಿಸುತ್ತದೆ, ಏನೀಗ?

ಮಳೆಲೆಕ್ಕ:
ಬಾಣ ಬಿಡಿ. ಧೂಳಿಗೆ ಟೈಮ್ ಎಲ್ಲಿಂದ ಬರುತ್ತದೆ, ಗಾಳಿಗೆ ಎಲ್ಲಿಂದ?

ಒಂಟಿಕೊಪ್ಪಲ್_ಹವಾ:
ಬೇರೆ ಬೇರೆ ಬೋರ್ಡು. ಧೂಳಿನದು ಇಎಸ್‌ಪಿ8266, ಟೈಮ್ ಇಂಟರ್ನೆಟ್‌ನಿಂದ. ಗಾಳಿಯದು ಹಳೇ ಆರ್ಡುಯಿನೋ, ಡಿಎಸ್3231 ಗಡಿಯಾರದ ಚಿಪ್ ಇದೆ, ಭಾವ ಮೊಬೈಲ್ ನೋಡಿ ಸೆಟ್ ಮಾಡಿದ್ದು. ಅದಕ್ಕೂ ಧೂಳಿಗೂ ಏನು ಸಂಬಂಧ?

ಮಳೆಲೆಕ್ಕ:
ಅದೇ ಸಂಬಂಧ. ಇಂಟರ್ನೆಟ್ ಕೊಡುವುದು ಯುಟಿಸಿ, ಅಂದರೆ ಜಾಗತಿಕ ಟೈಮ್, ನಮ್ಮದಲ್ಲ. ಕೋಡ್‌ನಲ್ಲಿ 19800 ಸೆಕೆಂಡ್ ಕೂಡಿಸದಿದ್ದರೆ ಧೂಳು ಐದೂವರೆ ಗಂಟೆ ಹಿಂದೆ ಕೂರುತ್ತದೆ. ಕೂಡಿಸಿ ನೋಡಿ. ರಾತ್ರಿ ಎರಡು ಅಂದರೆ ಬೆಳಗ್ಗೆ ಏಳೂವರೆ. ಆರು ಅಂದರೆ ಹನ್ನೊಂದೂವರೆ. ಮಧ್ಯಾಹ್ನ ಎರಡೂವರೆ ಅಂದರೆ ರಾತ್ರಿ ಎಂಟು. ಚಳಿಗಾಲದ ಕರಾವಳಿ ಹೀಗೇ ಇರಬೇಕು. ಸಂಜೆ ನೆಲ ಬೇಗ ತಣಿಯುತ್ತದೆ, ಕಡಲು ತಣಿಯಲ್ಲ. ಕಡಲ ಗಾಳಿ ಸತ್ತು, ರಾತ್ರಿ ನೆಲದ ಗಾಳಿ ಮೆಲ್ಲಗೆ ಪಡುವಣಕ್ಕೆ ಹರಿಯುತ್ತದೆ. ನೆಲದ ಹತ್ತಿರದ ಗಾಳಿ ಪದರ ತೆಳ್ಳಗಾಗಿ ಹೊಗೆ ಮೇಲೇಳಲ್ಲ. ಬೆಳಗ್ಗೆ ಸ್ಕೂಲ್ ಬಸ್ಸು, ಬಚ್ಚಲ ಒಲೆ ಎಲ್ಲ ಅದರೊಳಗೇ. ಬಿಸಿಲೇರಿದಾಗ ಪದರ ಎತ್ತರವಾಗುತ್ತದೆ, ಕಡಲ ಗಾಳಿಯೂ ನುಗ್ಗುತ್ತದೆ. ಇಳಿಸಿದ್ದೆಲ್ಲ ಗಾಳಿಯೇ ಅಂದುಕೊಳ್ಳಬೇಡಿ. ಮೈಸೂರಿಗೆ ಯಾವ ಕಡಲ ಗಾಳಿ ಬರುತ್ತದೆ? ಇಲ್ಲೂ ಮಧ್ಯಾಹ್ನ ಇಳಿಯುತ್ತದೆ.

ಒಂಟಿಕೊಪ್ಪಲ್_ಹವಾ:
ಭಾವನ ಕೋಡ್‌ನಲ್ಲಿ ಅಲ್ಲಿ ಸೊನ್ನೆ ಇತ್ತು! ಈಗ ಎರಡು ಗೆರೆಯೂ ಹೊಂದುತ್ತಿವೆ. ಆದರೆ ಕೆಲವು ದಿನ ಗಾಳಿ ತಿರುಗಿದ ಕೂಡಲೇ ಸ್ವಲ್ಪ ಹೊತ್ತು ಧೂಳು ಮತ್ತೆ ಏರಿ ಆಮೇಲೆ ಇಳಿಯುತ್ತದೆ. ಇದೇನು?

ಮಂಡ್ಯ_ಮೋಡ:
ಉಪ್ಪು! ಮೊದಲೇ ಹೇಳಲಿಲ್ವಾ?

ಮಳೆಲೆಕ್ಕ:
ರಾತ್ರಿ ಕಡಲ ಮೇಲೆ ಹೋದ ಊರಿನ ಹೊಗೆಯೇ ಮೊದಲ ಗಾಳಿಯ ಜೊತೆ ವಾಪಸ್ ಬರಬಹುದು. ಕರಾವಳಿ ಊರುಗಳಲ್ಲಿ ಇದು ಇದ್ದದ್ದೇ. ನಿಮ್ಮ ಗ್ರಾಫಿನಲ್ಲಿ ಅದೇನಾ ಅಂತ ಒಂದು ಟೆರೇಸಿನಿಂದ ಹೇಳಲಾಗಲ್ಲ.

ಮಂಡ್ಯ_ಮೋಡ:
ಪಿಎಂ10 ನೋಡಿದರೆ ಗೊತ್ತಾಗುತ್ತದಲ್ಲ!

ಸರ್ಕ್ಯೂಟ್_ಸೀನ:
ಪಿಎಂಎಸ್‌ನ ಪಿಎಂ10 ನಂಬಬೇಡಿ. ದಪ್ಪ ಕಣ ಅದಕ್ಕೆ ಸರಿಯಾಗಿ ಸಿಗುವುದೇ ಇಲ್ಲ, ಸಣ್ಣದನ್ನು ನೋಡಿ ಅಂದಾಜು ಹಾಕುತ್ತದೆ. ಫಿಲ್ಟರ್ ಕಾಗದದಲ್ಲಿ ಹಿಡಿದು ತೂಗಿ, ಲ್ಯಾಬಿನಲ್ಲಿ ಸೋಡಿಯಂ ನೋಡಿಸಬೇಕು.

ಮಂಡ್ಯ_ಮೋಡ:
ನೋಡಿಸಿ. ಉಪ್ಪೇ ಬರುತ್ತದೆ.

ಕುಕ್ಕರಹಳ್ಳಿ_ಕೆರೆದಂಡೆ:
ಆ ಹೀಟರ್ ಎಷ್ಟು ವ್ಯಾಟಿನದು ಅಣ್ಣಾ? ಸೋಲಾರ್‌ನಲ್ಲಿ ರಾತ್ರಿಯೆಲ್ಲ ನಡೆಯುತ್ತಾ?