ಸಹಾಯ ಬೇಕು: ಎರೆ ಮಣ್ಣಿನ ಪಾರ್ಕಿನಲ್ಲಿ ವಾಲಿಬಾಲ್, ಕಬಡ್ಡಿಗೆ ಒಂದೇ ಅಂಕಣ

ದಾವಣಗೆರೆಯ ನಮ್ಮ ಬಡಾವಣೆ ಪಾರ್ಕು ಉತ್ತರ-ದಕ್ಷಿಣ 40 ಮೀಟರ್, ಪೂರ್ವ-ಪಶ್ಚಿಮ 30. ಸುತ್ತ 2 ಮೀಟರ್ ವಾಕಿಂಗ್ ಪಾತ್ ಬಿಟ್ಟರೆ ಉಳಿಯೋದು 36×26. ವಾಲಿಬಾಲ್ ಅಂಕಣ 18×9. ನಾಲ್ಕೂ ಕಡೆ 3 ಮೀಟರ್ ಖಾಲಿ ಸೇರಿ 24×15. ಸಂಜೆ ಬಿಸಿಲು ಕಣ್ಣಿಗೆ ಹೊಡೆಯಬಾರದು ಅಂತ ಉದ್ದ ಉತ್ತರ-ದಕ್ಷಿಣಕ್ಕೇ ಇಡುತ್ತೇವೆ. ಪಕ್ಕದ 11 ಮೀಟರ್ ಪಟ್ಟಿ ಹಿರಿಯರ ಶಟಲ್‌ಗೆ (13.4×6.1). ಕ್ರಿಕೆಟ್ ಬೇಡ, ಅಕ್ಕಪಕ್ಕದ ಕಿಟಕಿ ಗಾಜು ಉಳಿಯಲಿ.

ಹುಡುಗರ ಕಬಡ್ಡಿಗೆ (13×10) ಬೇರೆ ಜಾಗವಿಲ್ಲ, ವಾಲಿಬಾಲ್ ಅಂಕಣದ ಮೇಲೇ ಗೆರೆ ಹಾಕಬೇಕು. ನೆಟ್ ಕಂಬ ಪಕ್ಕದ ಗೆರೆಯಿಂದ ಅರ್ಧದಿಂದ 1 ಮೀಟರ್ ಆಚೆ ಬರುತ್ತೆ, ಅಂದರೆ ಸರಿಯಾಗಿ ಕಬಡ್ಡಿ ಅಂಚಿಗೆ. ಕಂಬ ಕಿತ್ತಿಡುವಂತೆ ನೆಲದಲ್ಲಿ ಪೈಪ್ ಹೂಳಿದರೂ ಅದರ ಬಾಯಿ ಒಂದು ಬೆರಳು ಎದ್ದಿದ್ದರೆ ಸಾಕು, ಕಾಲು ಹೋಯಿತು. ನೆಲಮಟ್ಟಕ್ಕೆ ಕೂರುವ, ಮಣ್ಣು ತುಂಬದ ಮುಚ್ಚಳ ಯಾರಾದರೂ ಮಾಡಿಸಿದ್ದೀರಾ? ಫೋಟೋ ಹಾಕಿ.

ದೊಡ್ಡ ತಲೆನೋವು ಎರೆ ಮಣ್ಣು. ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಬಿರುಕು ಬಿಡುತ್ತೆ. ಮೇಲೆ ಬರೀ ಕೆಮ್ಮಣ್ಣು ಹರಡಿದರೆ ಆ ಬಿರುಕು ಮೇಲಕ್ಕೂ ಬರುತ್ತೆ. ಎಷ್ಟು ಆಳ ತೆಗೆದು ಗ್ರಾವೆಲ್ ತುಂಬಿಸಿದಿರಿ? ಮೀಟರ್‌ಗೆ 1 ಸೆಂಟಿಮೀಟರ್ ಇಳಿಜಾರು ಸಾಲುತ್ತಾ? ವಾಲಿಬಾಲ್‌ಗೆ ಗಟ್ಟಿ ನೆಲ ಬೇಕು, ಕಬಡ್ಡಿಗೆ ಮಂಡಿ ತರಚದ ಮೆತ್ತನೆ ಮಣ್ಣು. ಎರಡಕ್ಕೂ ಒಗ್ಗುವ ಮರಳು-ಕೆಮ್ಮಣ್ಣಿನ ಪ್ರಮಾಣ ಗೊತ್ತಿದ್ದವರು ತಿಳಿಸಿ. ಚಿತ್ರದುರ್ಗ ಕಡೆಯವರೂ ಹೇಳಿ, ಆದರೆ ನಿಮ್ಮದು ಎರೆಯೋ ಕೆಂಪೋ ಅನ್ನೋದನ್ನ ಮೊದಲು ಬರೆಯಿರಿ.