ಕಡಲಿನ ಗಾಳಿಯಂತ್ರಗಳಿಗೆ ಹೋಗುವ ಹಡಗುಗಳಲ್ಲಿ ಡೆಕ್ ಕೆಲಸ: ಮಲ್ಪೆಯ ಯುವಕರೊಬ್ಬರಿಗೆ ಅನುಭವಿಗಳ ಉತ್ತರ

ಕೇಳಿದವರು, ಮಲ್ಪೆ:

ನನಗೆ 23 ವರ್ಷ. ಹತ್ತನೇ ತರಗತಿ ಮುಗಿಸಿದ ಮೇಲೆ ಆಳಸಮುದ್ರದ ಟ್ರಾಲ್ ಬೋಟಿನಲ್ಲಿ ದುಡಿಯುತ್ತಿದ್ದೇನೆ. ಬ್ರಿಟನ್ನಿನ ಸಮುದ್ರದಲ್ಲಿರುವ, ಗಾಳಿಯಿಂದ ವಿದ್ಯುತ್ ತಯಾರಿಸುವ ಗಾಳಿಯಂತ್ರಗಳಿಗೆ ಕೆಲಸಗಾರರನ್ನು ಕರೆದೊಯ್ಯುವ ದೋಣಿಗಳಲ್ಲಿ ಡೆಕ್‌ಹ್ಯಾಂಡ್ ಕೆಲಸ ಕೊಡಿಸುವುದಾಗಿ ಏಜೆಂಟರೊಬ್ಬರು ಹೇಳಿ ಮುಂಗಡ ಕೇಳುತ್ತಿದ್ದಾರೆ. ಈ ಕೆಲಸ ಬಲ್ಲವರು ದಯವಿಟ್ಟು ದಾರಿ ತಿಳಿಸಬೇಕು.

ಉತ್ತರ, ಇಂಗ್ಲೆಂಡಿನ ಗ್ರಿಮ್ಸ್‌ಬಿಯಿಂದ:

ಮೊದಲಿಗೆ, ದಯವಿಟ್ಟು ಆ ಮುಂಗಡವನ್ನು ಕೊಡಬೇಡಿ. ನಾನು ಹೊನ್ನಾವರದ ಕಡೆಯವನು. ಮದುವೆಯ ನಂತರ ಇಲ್ಲಿಯೇ ನೆಲೆಸಲು ಅನುಮತಿ ದೊರೆತಿದ್ದರಿಂದ ನನಗೆ ಈ ಕೆಲಸ ಸಿಕ್ಕಿತು. ನೀವು ಹೇಳುವ ದೋಣಿಗಳನ್ನು ಇಲ್ಲಿ ಸಿ.ಟಿ.ವಿ. ಎನ್ನುತ್ತಾರೆ. ಅವುಗಳಲ್ಲಿ ಹೆಚ್ಚಿನವು 24 ಮೀಟರಿಗಿಂತ ಚಿಕ್ಕವು. ಕ್ಯಾಪ್ಟನ್ ಸೇರಿದಂತೆ ಎರಡು ಮೂರು ಜನ ನಾವಿಕರು ಮಾತ್ರ ಇರುತ್ತಾರೆ. ಬೆಳಿಗ್ಗೆ ಬಂದರು ಬಿಟ್ಟು ಸಂಜೆಗೆ ಮರಳುವುದರಿಂದ ದಿನವೂ ಬ್ರಿಟನ್ನಿನ ಜಲಗಡಿಯೊಳಗೇ ಓಡಾಟ. ಗಾಳಿಯಂತ್ರದ ಕೆಲಸಗಾರರಿಗೆ ವೀಸಾ ನಿಯಮಗಳಲ್ಲಿ ಇದ್ದ ವಿನಾಯಿತಿ 2023ರ ಏಪ್ರಿಲ್ 30ಕ್ಕೆ ಕೊನೆಗೊಂಡಿತು. ಆದ್ದರಿಂದ ಇಲ್ಲಿ ದುಡಿಯುವ ಹಕ್ಕಿಲ್ಲದವರನ್ನು ಸಿ.ಟಿ.ವಿ. ಕಂಪನಿಗಳು ಡೆಕ್‌ಹ್ಯಾಂಡ್ ಆಗಿ ತೆಗೆದುಕೊಳ್ಳುವ ಸಂಭವ ಬಹಳ ಕಡಿಮೆ. ಇಲ್ಲಿನ ಮೀನುಗಾರಿಕೆ ಬಿಟ್ಟುಬಂದ ಸ್ಥಳೀಯ ಯುವಕರೇ ಅವರಿಗೆ ಸಾಕಾಗುತ್ತಾರೆ.

ಆದರೂ ಕೆಲಸ ಹೇಗಿರುತ್ತದೆಂದು ನಿಮಗೆ ತಿಳಿದಿರಲಿ ಎಂದು ಬರೆಯುತ್ತೇನೆ. ಕರಾವಳಿಯಿಂದ 8 ಕಿಲೋಮೀಟರ್ ದೂರದ ವೆಸ್ಟರ್‌ಮೋಸ್ಟ್ ರಫ್ ಎಂಬಲ್ಲಿ 35 ಯಂತ್ರಗಳಿವೆ. ಅಂಥ ಯಂತ್ರದ ಬುಡದಲ್ಲಿ ಎರಡು ಲಂಬವಾದ ಉಕ್ಕಿನ ಕೊಳವೆಗಳೂ ಅವುಗಳ ನಡುವೆ ಒಂದು ಏಣಿಯೂ ಇರುತ್ತವೆ. ಕ್ಯಾಪ್ಟನ್ ದೋಣಿಯ ಮೂತಿಯ ದಪ್ಪ ರಬ್ಬರನ್ನು ಆ ಕೊಳವೆಗಳಿಗೆ ಒತ್ತಿ, ಇಂಜಿನ್ನಿನ ಬಲದಿಂದ ಹಾಗೆಯೇ ಹಿಡಿದು ನಿಲ್ಲಿಸುತ್ತಾರೆ. ಡೆಕ್‌ಹ್ಯಾಂಡ್ ಮುಂದೆ ನಿಂತು, ನಾಲ್ಕೈದು ಅಲೆಗಳು ಹಾದುಹೋಗುವ ತನಕ ರಬ್ಬರು ಕೊಳವೆಯ ಮೇಲೆ ಜಾರುತ್ತದೆಯೇ ಇಲ್ಲವೇ ಎಂದು ನೋಡಬೇಕು. ಮೇಲಿನಿಂದ ಇಳಿಬಿಟ್ಟ ಸುರಕ್ಷತಾ ಹಗ್ಗದ ಕೊಕ್ಕೆ ತಂತ್ರಜ್ಞರ ಎದೆಪಟ್ಟಿಗೆ ಸಿಕ್ಕಿದೆಯೇ ಎಂದು ಕಣ್ಣಾರೆ ಕಂಡ ಮೇಲೆಯೇ ಏಣಿಗೆ ಕಾಲಿಡಲು ಹೇಳಬೇಕು. ಆ ಹೊತ್ತಿನಲ್ಲಿ ಡೆಕ್‌ಹ್ಯಾಂಡ್ 'ಬೇಡ' ಎಂದರೆ ಯಾರೂ ದಾಟುವಂತಿಲ್ಲ. ಅಲೆಯ ಎತ್ತರ ಸುಮಾರು ಒಂದೂವರೆ ಮೀಟರ್ ಮೀರಿದರೆ ಬಹುತೇಕ ದೋಣಿಗಳು ದಾಟಿಸುವುದನ್ನೇ ನಿಲ್ಲಿಸುತ್ತವೆ.

ಮೀನುಗಾರನಿಗೆ ಅಲೆಯನ್ನು ಓದುವ ಕಣ್ಣು ಇದ್ದೇ ಇರುತ್ತದೆ, ಮತ್ತು ಅದು ಇಲ್ಲಿ ನಿಜವಾದ ಬಂಡವಾಳ. ಆದರೆ ನಮ್ಮ ಬೋಟುಗಳಲ್ಲಿ ಬರಿಗಾಲಲ್ಲಿ, ಲೈಫ್ ಜಾಕೆಟ್ ಇಲ್ಲದೆ ಓಡಾಡುವ, ದಕ್ಕೆಗೆ ತಾಗುವ ಬೋಟನ್ನು ಕೈಯಿಂದಲೋ ಕಾಲಿನಿಂದಲೋ ತಳ್ಳಿ ತಡೆಯುವ ರೂಢಿಯನ್ನು ಪೂರ್ತಿಯಾಗಿ ಬಿಡಬೇಕಾಗುತ್ತದೆ. ಕೊಳವೆಗೂ ರಬ್ಬರಿಗೂ ನಡುವೆ ಸಿಕ್ಕ ಕೈ ಮರಳಿ ಬರುವುದಿಲ್ಲ.

ಉತ್ತರ, ಎಸ್.ಒ.ವಿ. ಹಡಗೊಂದರ ಎ.ಬಿ. (ಅನುಭವಿ ಡೆಕ್ ನಾವಿಕ), ಸದ್ಯ ಮುಂಬೈ:

ಮೇಲಿನವರು ಹೇಳಿದ್ದು ಚಿಕ್ಕ ದೋಣಿಗಳ ಮಾತು. ಭಾರತದ ನಾವಿಕರಿಗೆ ತೆರೆದಿರುವ ಬಾಗಿಲು ಎಂದರೆ ಎಸ್.ಒ.ವಿ. ಎಂಬ ದೊಡ್ಡ ಸೇವಾ ಹಡಗುಗಳು. ಹಾರ್ನ್‌ಸೀ 2ರಂಥ ಗಾಳಿಯಂತ್ರ ಕ್ಷೇತ್ರ ಕರಾವಳಿಯಿಂದ ಸುಮಾರು 89 ಕಿಲೋಮೀಟರ್ ದೂರದಲ್ಲಿದ್ದು, 165 ಯಂತ್ರಗಳನ್ನು ಹೊಂದಿದೆ. ಅಲ್ಲಿಗೆ ದಿನವೂ ಹೋಗಿಬರುವುದು ಆಗದ ಮಾತಾದ್ದರಿಂದ ತಂತ್ರಜ್ಞರು ವಾರಗಟ್ಟಲೆ ಹಡಗಿನಲ್ಲೇ ಉಳಿಯುತ್ತಾರೆ. ಅಲೆಯ ಏರಿಳಿತವನ್ನು ತಾನೇ ಸರಿದೂಗಿಸಿಕೊಳ್ಳುವ ಸೇತುವೆಯ ಮೇಲೆ ನಡೆದು ಅವರು ಯಂತ್ರಕ್ಕೆ ದಾಟುತ್ತಾರೆ. ಇವು ಅಂತಾರಾಷ್ಟ್ರೀಯ ಎಸ್.ಟಿ.ಸಿ.ಡಬ್ಲ್ಯೂ. ಎಂಬ ನಾವಿಕರ ತರಬೇತಿ ಮತ್ತು ಪ್ರಮಾಣಪತ್ರದ ನಿಯಮಕ್ಕೆ ಒಳಪಟ್ಟ ಪೂರ್ಣ ಪ್ರಮಾಣದ ಹಡಗುಗಳಾದ್ದರಿಂದ ಇಲ್ಲಿ ಬೇರೆ ಬೇರೆ ದೇಶಗಳ ನಾವಿಕರಿರುತ್ತಾರೆ. ಆದರೆ ಹೊಸಬರನ್ನು ನೇರವಾಗಿ ತೆಗೆದುಕೊಳ್ಳುವುದು ಅಪರೂಪ.

ನಾನು ಬಂದ ದಾರಿ ದೀರ್ಘವಾದದ್ದು; ಅದಕ್ಕಿಂತ ಹತ್ತಿರದ ದಾರಿಯನ್ನು ನಾನು ಕಂಡಿಲ್ಲ. ಮೊದಲು ಡಿ.ಜಿ. ಶಿಪ್ಪಿಂಗ್ (ಕೇಂದ್ರ ಸರ್ಕಾರದ ಹಡಗು ನಿರ್ದೇಶನಾಲಯ) ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಆರು ತಿಂಗಳ ಜಿ.ಪಿ. ರೇಟಿಂಗ್ ಎಂಬ ನಾವಿಕರ ಆರಂಭಿಕ ತರಬೇತಿ ಪಡೆಯಬೇಕು. ಇದಕ್ಕೆ 25 ವರ್ಷದ ವಯೋಮಿತಿ ಇರುವುದರಿಂದ ನೀವು ಇನ್ನು ತಡಮಾಡಬಾರದು. ಆಮೇಲೆ ಸಿ.ಡಿ.ಸಿ. ಪುಸ್ತಕ (ನಾವಿಕನ ಗುರುತು ಮತ್ತು ಸೇವೆಯ ದಾಖಲೆ) ಮಾಡಿಸಿಕೊಂಡು ಟ್ರೈನಿಯಾಗಿ ಹಡಗು ಹತ್ತಿ, ವಾಚ್‌ಕೀಪಿಂಗ್ (ಸರದಿಯ ಮೇಲೆ ಹಡಗಿನ ಕಾವಲು ನೋಡುವ) ಪ್ರಮಾಣಪತ್ರ ಪಡೆದು, ಸಮುದ್ರಸೇವೆ ತುಂಬಿದ ಮೇಲೆ ಎ.ಬಿ. ಆಗಬೇಕು. ನನ್ನ ಅಭಿಪ್ರಾಯದಲ್ಲಿ ಈ ಸೇವೆಯನ್ನು ಸರಕು ಹಡಗಿಗಿಂತ ಮುಂಬೈ ಹೈ ತೈಲಕ್ಷೇತ್ರಕ್ಕೆ ಹೋಗುವ ಸಪ್ಲೈ ಹಡಗುಗಳಲ್ಲಿ ಮಾಡುವುದು ಲೇಸು. ಪ್ಲಾಟ್‌ಫಾರ್ಮಿನ ಪಕ್ಕದಲ್ಲಿ ಹಡಗು ನಿಂತಿರುವಾಗ ಕ್ರೇನಿನ ಕೊಕ್ಕೆಗೆ ಸರಕು ಸಿಕ್ಕಿಸುವ, ರೆಸ್ಕ್ಯೂ ಬೋಟ್ ಇಳಿಸುವ ಕೆಲಸವನ್ನು ಅಲ್ಲಿ ಕಲಿತವರನ್ನು ಎಸ್.ಒ.ವಿ. ಕಂಪನಿಗಳು ಕೇಳಿ ಪಡೆಯುತ್ತವೆ. ಗಾಳಿಯಂತ್ರ ಉದ್ಯಮದ್ದೇ ಆದ ಜಿ.ಡಬ್ಲ್ಯೂ.ಒ. ತರಬೇತಿಯನ್ನು ಈಗಲೇ ದುಬಾರಿ ಹಣ ಕೊಟ್ಟು ಮಾಡಬೇಡಿ. ಅದರ ಸಮುದ್ರ ಸುರಕ್ಷತಾ ಭಾಗದ ಪ್ರಮಾಣಪತ್ರ ಎರಡೇ ವರ್ಷಕ್ಕೆ ಮುಗಿಯುತ್ತದೆ. ಕೆಲಸ ಕೈಗೆ ಬರುವ ಹೊತ್ತಿಗೆ ಮಾಡಿದರೆ ಸಾಕು, ಕೆಲವು ಕಂಪನಿಗಳು ತಾವೇ ಮಾಡಿಸುತ್ತವೆ.

ಉತ್ತರ, ನಿವೃತ್ತ ಬೋಸನ್ (ಡೆಕ್ ನಾವಿಕರ ಮೇಸ್ತ್ರಿ), ಮಂಗಳೂರು:

ಇಬ್ಬರೂ ಸರಿಯಾಗಿ ಹೇಳಿದ್ದಾರೆ. ನಾನು ಎರಡು ಮಾತು ಸೇರಿಸುತ್ತೇನೆ. ಕೋರ್ಸಿನ ಶುಲ್ಕ ಕಟ್ಟುವ ಮೊದಲು ಡಿ.ಜಿ. ಶಿಪ್ಪಿಂಗ್ ಅನುಮೋದಿಸಿದ ವೈದ್ಯರಲ್ಲಿ ಕಣ್ಣು ತೋರಿಸಿಕೊಳ್ಳಿ. ಬಣ್ಣದ ಚುಕ್ಕೆಗಳ ನಡುವೆ ಅಂಕಿ ಗುರುತಿಸುವ ಪರೀಕ್ಷೆಯಲ್ಲಿ ಕೆಂಪು ಹಸಿರು ಬೇರೆ ಕಾಣದಿದ್ದರೆ ರಾತ್ರಿ ಎದುರು ಹಡಗಿನ ದೀಪ ಗುರುತಿಸಲಾಗದು. ಡೆಕ್ ಕೆಲಸಕ್ಕೆ ಅಂಥವರನ್ನು ಒಪ್ಪುವುದಿಲ್ಲ. ವರ್ಷಗಟ್ಟಲೆ ಮೀನು ಹಿಡಿದವರಿಗೂ ತಮ್ಮ ಕಣ್ಣಿನ ಈ ದೋಷ ಗೊತ್ತಿರದೆ ಇರಬಹುದು, ಮನೆಯವರು ಸಾಲ ಮಾಡಿ ಶುಲ್ಕ ಕಟ್ಟಿದ ಮೇಲೆ ತಿಳಿದರೆ ಬಹಳ ನೋವಾಗುತ್ತದೆ.

ಏಜೆಂಟರ ವಿಚಾರವಾಗಿ ಹೇಳುವುದಾದರೆ, ಭಾರತದಲ್ಲಿ ನಾವಿಕರನ್ನು ಹಡಗಿಗೆ ಸೇರಿಸಲು ಆರ್.ಪಿ.ಎಸ್.ಎಲ್. ಪರವಾನಗಿ ಬೇಕು. ಪರವಾನಗಿ ಪಡೆದವರ ಪಟ್ಟಿ ಡಿ.ಜಿ. ಶಿಪ್ಪಿಂಗ್ ಜಾಲತಾಣದಲ್ಲಿದೆ, ಮತ್ತು ಅವರು ಕೆಲಸ ಕೊಡಿಸಿದ್ದಕ್ಕಾಗಿ ನಾವಿಕನಿಂದ ಹಣ ಪಡೆಯುವಂತಿಲ್ಲ. ನಿಮ್ಮಿಂದ ಮುಂಗಡ ಕೇಳುತ್ತಿರುವವರ ಪರವಾನಗಿ ಸಂಖ್ಯೆಯನ್ನು ಕೇಳಿ, ಅದನ್ನು ಪಟ್ಟಿಯೊಡನೆ ತಾಳೆ ನೋಡಿ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧವಿದ್ದು ಬೋಟುಗಳು ದಕ್ಕೆಯಲ್ಲೇ ಇರುತ್ತವಲ್ಲ, ವೈದ್ಯಕೀಯ ಪರೀಕ್ಷೆ, ಪಾಸ್‌ಪೋರ್ಟ್, ಅಂಕಪಟ್ಟಿಯ ಕೆಲಸಗಳನ್ನು ಆ ಎರಡು ತಿಂಗಳಲ್ಲಿ ಮುಗಿಸಿಕೊಂಡರೆ ದುಡಿಮೆಗೆ ಧಕ್ಕೆಯಾಗುವುದಿಲ್ಲ.