1967ರ ಮಸ್ಟಾಂಗ್ ಕೂಪೆ ಕೊಳ್ಳೋ ಮುಂಚೆ ಏನೇನು ನೋಡಬೇಕು? (ಪ್ರಶ್ನೋತ್ತರ)

ಪ್ರಶ್ನೆ: ನಮಸ್ಕಾರ ಸರ್. ನಾವಿರೋದು ಕ್ಯಾಲಿಫೋರ್ನಿಯಾದ ಮಿಲ್ಪಿಟಾಸ್‌ನಲ್ಲಿ. ಇಲ್ಲೇ ಹತ್ತಿರ 1967ರ ಫೋರ್ಡ್ ಮಸ್ಟಾಂಗ್ ಹಾರ್ಡ್‌ಟಾಪ್ ಕೂಪೆ ಮಾರಾಟಕ್ಕಿದೆ. 289 (ಕ್ಯೂಬಿಕ್ ಇಂಚು) ವಿ8 ಎಂಜಿನ್, ಆಟೋಮ್ಯಾಟಿಕ್ ಗೇರ್, ಹೊಸ ಪೇಂಟ್. "ಪೂರ್ತಿ ರಿಸ್ಟೋರ್ ಆಗಿದೆ, ನಂಬರ್ಸ್ ಮ್ಯಾಚಿಂಗ್" (ಅಂದರೆ ಕಾರಿನ ಜೊತೆ ಬಂದ ಮೂಲ ಎಂಜಿನ್ನೇ ಇದೆ) ಅಂತ ಜಾಹೀರಾತು. ವಿನ್ ನಂಬರ್ (ಕಾರಿನ ಗುರುತಿನ ಸಂಖ್ಯೆ) 7ಆರ್01ಸಿ ಅಂತ ಶುರುವಾಗುತ್ತೆ. ನೋಡೋಕೆ ಹೋದಾಗ ಏನೇನು ಪರೀಕ್ಷೆ ಮಾಡಬೇಕು?

ಉತ್ತರ: ಮೊದಲು ಆ ನಂಬರನ್ನೇ ಓದೋಣ. 7 ಅಂದರೆ 1967ರ ಮಾಡೆಲ್. ಆರ್ ಅಂದರೆ ಸ್ಯಾನ್ ಹೊಸೆ ಕಾರ್ಖಾನೆ. ಅದು ಇದ್ದದ್ದು ನಿಮ್ಮ ಮಿಲ್ಪಿಟಾಸ್‌ನಲ್ಲೇ. 1983ರಲ್ಲಿ ಮುಚ್ಚಿತು, ಈಗ ಆ ಜಾಗದಲ್ಲಿ ಇರೋದೇ ನೀವು ಶಾಪಿಂಗಿಗೆ ಹೋಗೋ ಗ್ರೇಟ್ ಮಾಲ್. 01 ಅಂದರೆ ಹಾರ್ಡ್‌ಟಾಪ್. ಸಿ ಅಂದರೆ ಎರಡು ಬ್ಯಾರೆಲ್ ಕಾರ್ಬುರೇಟರಿನ 289, 200 ಎಚ್‌ಪಿ. ಸಿ ಬದಲು ಟಿ ಇದ್ದರೆ ಅದು 6 ಸಿಲಿಂಡರ್ ಕಾರಾಗಿ ಹೊರಬಂದದ್ದು. ಅಂಥ ಕಾರಿಗೆ ಆಮೇಲೆ ವಿ8 ಕೂರಿಸಿ ಮಾರೋದುಂಟು. ಚಕ್ರ ನೋಡಿದರೂ ಸುಳಿವು ಸಿಗುತ್ತೆ: ವಿ8ಗೆ ಒಂದೊಂದು ಚಕ್ರಕ್ಕೆ 5 ನಟ್, 6 ಸಿಲಿಂಡರಿಗೆ 4.

ಈ ನಂಬರ್ ಬಾನೆಟ್ ಎತ್ತಿದರೆ ಡ್ರೈವರ್ ಕಡೆಯ ಒಳ ಏಪ್ರನ್ (ಎಂಜಿನ್ ಪಕ್ಕದ ತಗಡು) ಮೇಲೆ ಕಾಣುತ್ತೆ. ಅದನ್ನು ಬಾಗಿಲಿನ ಪ್ಲೇಟ್ ಜೊತೆಗೂ ಟೈಟಲ್ (ಮಾಲೀಕತ್ವದ) ಕಾಗದದ ಜೊತೆಗೂ ಒಂದೊಂದೇ ಅಕ್ಷರ ತಾಳೆ ನೋಡಿ. ಬಾಗಿಲಿನ ಪ್ಲೇಟನ್ನು ಮಾತ್ರ ನಂಬಬೇಡಿ, ಹೊಸದಾಗಿ ಅಚ್ಚು ಹಾಕಿಸಿದ್ದು ಸುಲಭವಾಗಿ ಸಿಗುತ್ತೆ. 1967ರಿಂದ ಈಚಿನ ಫೋರ್ಡ್ ಕಾರುಗಳ ಉತ್ಪಾದನಾ ದಾಖಲೆ ಮಾರ್ಟಿ ಆಟೋ ವರ್ಕ್ಸ್ ಹತ್ತಿರ ಇದೆ. ಅವರಿಂದ ಮಾರ್ಟಿ ರಿಪೋರ್ಟ್ ತರಿಸಿದರೆ ಮೂಲ ಬಣ್ಣ, ಎಂಜಿನ್, ಗೇರ್, ಆಪ್ಶನ್ ಎಲ್ಲ ಗೊತ್ತಾಗುತ್ತೆ. ಮುಂಗಡ ಕೊಡೋ ಮುಂಚೆಯೇ ತರಿಸಿ.

ಇನ್ನು "ನಂಬರ್ಸ್ ಮ್ಯಾಚಿಂಗ್" ವಿಷಯ. 1967ರ ಸಿ ಕೋಡ್ 289 ಎಂಜಿನ್ ಮೇಲೆ ಕಾರಿನ ವಿನ್ ಹೊಡೆಯೋ ಪದ್ಧತಿ ಫೋರ್ಡ್‌ನಲ್ಲಿ ಇರಲಿಲ್ಲ. ಆಗ ಹೊಡೀತಿದ್ದದ್ದು ಕೆ ಕೋಡ್ ಹೈ ಪರ್ಫಾರ್ಮೆನ್ಸ್ ಎಂಜಿನ್‌ಗೆ. ಹಾಗಾಗಿ ಈ ಕಾರಿಗೆ ಆ ಮಾತನ್ನು ಪೂರ್ತಿ ಸಾಬೀತು ಮಾಡೋಕೇ ಆಗಲ್ಲ. ನೋಡಬಹುದಾದ್ದು ಎಂಜಿನ್ ಬ್ಲಾಕ್ ಎರಕ ಹೊಯ್ದ ತಾರೀಕು ಮಾತ್ರ. ಸ್ಟಾರ್ಟರ್ ಮೇಲ್ಗಡೆ ಬ್ಲಾಕ್ ಮೇಲೆ 7ಬಿ14 ಥರದ ಕೋಡ್ ಇರುತ್ತೆ: 1967, ಫೆಬ್ರವರಿ 14. ತಿಂಗಳಿಗೆ ಎ ಇಂದ ಎಂ ವರೆಗಿನ ಅಕ್ಷರ, ಮಧ್ಯೆ ಐ ಬಿಟ್ಟಿದ್ದಾರೆ. ಈ ತಾರೀಕು ಕಾರು ತಯಾರಾದ ದಿನಕ್ಕಿಂತ ಕೆಲವು ವಾರ ಹಿಂದಿನದಾಗಿರಬೇಕು. ಎರಕದ ನಂಬರ್ ಸಿ8 ಅಂತಲೋ ಡಿ ಅಕ್ಷರದಿಂದಲೋ ಶುರುವಾದರೆ ಅದು ಆಮೇಲಿನ ಬ್ಲಾಕ್, ಬಹುತೇಕ 302 (ಫೋರ್ಡ್‌ನ ಇನ್ನೊಂದು ವಿ8). ಓಡಿಸೋಕೆ 302 ಏನೂ ಕೆಟ್ಟದ್ದಲ್ಲ, ಆದರೆ ಮೂಲ ಎಂಜಿನ್‌ನ ಬೆಲೆ ಅದಕ್ಕೆ ಕೊಡಬಾರದು.

ಪ್ರಶ್ನೆ: ಬಾಡಿ ಹೇಗೆ ನೋಡೋದು ಸರ್? ಪೇಂಟ್ ಚೆನ್ನಾಗಿದ್ದರೆ ಸಾಲದೇ?

ಉತ್ತರ: ಸಾಲದು. ಇದರಲ್ಲಿ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಎಂಜಿನ್ ಕೆಟ್ಟರೆ ಇಳಿಸಿ ಕಟ್ಟಬಹುದು, ಬಾಡಿ ತುಕ್ಕು ಹಿಡಿದರೆ ಕಾರಿನ ಬೆಲೆಗಿಂತ ಹೆಚ್ಚು ಕೂಲಿಯೇ ಆಗಿಬಿಡುತ್ತೆ.

ಮೊದಲನೇ ಜಾಗ ಕೌಲ್. ಮುಂದಿನ ಗಾಜಿನ ಕೆಳಗಿರೋ ಜಾಲರಿಯ ಒಳಗೆ ಒಂದು ಪೆಟ್ಟಿಗೆ ಇದೆ. ಗಾಳಿ ಒಳಗೆ ಬರೋಕೆ ಅದರ ಎರಡೂ ಬದಿಯಲ್ಲಿ ತಗಡಿನ ಕೊಳವೆ ಎದ್ದು ನಿಂತಿರುತ್ತೆ. ಬಿದ್ದ ಎಲೆ ಅಲ್ಲೇ ಕೊಳೆತು, ತೇವ ನಿಂತು, ಕೊಳವೆಯ ಬುಡ ತೂತಾಗುತ್ತೆ. ನೀರು ನೇರ ಕಾರ್ಪೆಟ್‌ಗೆ ಇಳಿದು ಫ್ಲೋರ್ ಕೂಡ ಹಾಳು. ಒಬ್ಬರು ಜಾಲರಿಯ ಎಡಕ್ಕೂ ಬಲಕ್ಕೂ 2-3 ಲೀಟರ್ ನೀರನ್ನು ನಿಧಾನವಾಗಿ ಹುಯ್ಯಲಿ, ಇನ್ನೊಬ್ಬರು ಡ್ಯಾಶ್ ಕೆಳಗೆ ಟಾರ್ಚ್ ಹಿಡಿದು ನೋಡಲಿ. ನೀರು ಮುಂದಿನ ಚಕ್ರದ ಹಿಂದೆ, ಬಾಗಿಲ ಕೀಲಿನ ಕಂಬದ ಹತ್ತಿರ ಹೊರಗೆ ಬೀಳಬೇಕು. ಒಳಗೆ ಒಂದು ಹನಿಯೂ ಕಾಣಬಾರದು. ಸರಿಯಾದ ರಿಪೇರಿಗೆ ಫೆಂಡರ್, ಗಾಜು ಬಿಚ್ಚಿ, ಸ್ಪಾಟ್ ವೆಲ್ಡ್‌ಗಳನ್ನೆಲ್ಲ ಒಂದೊಂದಾಗಿ ಕೊರೆದು ಪೆಟ್ಟಿಗೆ ತೆರೀಬೇಕು. ಅದಕ್ಕೇ ಎಷ್ಟೋ ಜನ ತೂತಿನ ಮೇಲೆ ಪ್ಲಾಸ್ಟಿಕ್ ಟೋಪಿ ಇಟ್ಟು ಸೀಲೆಂಟ್ ಬಳಿದು, ಮೇಲೆ ಚಂದದ ಪೇಂಟ್ ಹೊಡೆದು ಮಾರುತ್ತಾರೆ. ನೀರು ಹಾಕಿ ನೋಡೋಕೆ ಮಾರುವವರು ಬೇಡ ಅಂದರೆ ಅಲ್ಲಿಗೆ ಮಾತು ನಿಲ್ಲಿಸಿ.

ಎರಡನೇದು ಬ್ಯಾಟರಿ ಕೆಳಗಿನ ಏಪ್ರನ್, ಅದರಡಿಯ ಫ್ರೇಮ್ ರೈಲ್. ಆ್ಯಸಿಡ್ ಸೋರಿ ತಿಂದಿರುತ್ತೆ. ಮೂರನೇದು ಶಾಕ್ ಟವರ್ (ಎಂಜಿನ್ನಿನ ಎರಡೂ ಪಕ್ಕ ಸ್ಪ್ರಿಂಗ್, ಶಾಕ್ ಕೂರೋ ತಗಡಿನ ಗೋಪುರ): ಚಕ್ರ ಹಿಡಿಯೋ ಮೇಲಿನ ಕಂಟ್ರೋಲ್ ಆರ್ಮ್ ಕೂರೋ ಕಡೆ ಬಿರುಕು ಅಥವಾ ಒರಟು ವೆಲ್ಡಿಂಗ್ ಇದೆಯಾ ನೋಡಿ. ಟವರ್‌ಗಳು ಒಳಕ್ಕೆ ವಾಲಿದ್ದರೆ ವೀಲ್ ಅಲೈನ್‌ಮೆಂಟ್‌ನಲ್ಲಿ ಕ್ಯಾಂಬರ್ (ಚಕ್ರದ ವಾಲು) ಎಷ್ಟು ಮಾಡಿದರೂ ಕೂರಲ್ಲ. ಡಿಕ್ಕಿಯಲ್ಲಿ ಮ್ಯಾಟ್ ಎತ್ತಿ. ಈ ಕಾರಿನಲ್ಲಿ ಪೆಟ್ರೋಲ್ ಟ್ಯಾಂಕಿನ ಮೇಲ್ಭಾಗವೇ ಡಿಕ್ಕಿಯ ನೆಲ. ಸುತ್ತಲಿನ ಸೀಲ್ ಬಿಟ್ಟಿದ್ದರೆ ಒಳಗೆಲ್ಲ ಪೆಟ್ರೋಲ್ ವಾಸನೆ ಬರುತ್ತೆ.

ಪೇಂಟ್ ದಪ್ಪ ಅಳೆಯೋ ಗೇಜ್ ಜೊತೆಗಿರಲಿ. ಕಾರ್ಖಾನೆ ಪೇಂಟ್ ಸುಮಾರು 100-150 ಮೈಕ್ರಾನ್, ಒಳ್ಳೆ ರೀಪೇಂಟ್ 200-300. ಹಿಂದಿನ ಚಕ್ರದ ಹಿಂಭಾಗ, ಫೆಂಡರಿನ ಕೆಳತುದಿ, ಬಾಗಿಲ ಅಡಿ, ಈ ಜಾಗಗಳಲ್ಲಿ 500 ದಾಟಿದರೆ ಒಳಗೆ ಪುಟ್ಟಿ ಇದೆ ಅಂತಲೇ ಲೆಕ್ಕ. ಪೇಂಟ್‌ಗೆ ಮುಂಚಿನ ಬರಿ ತಗಡಿನ ಫೋಟೋ, ಬಿಲ್ಲುಗಳನ್ನು ಕೇಳಿ. ನಿಜಕ್ಕೂ ರಿಸ್ಟೋರ್ ಮಾಡಿದವರು ಫೋಟೋ ತೆಗೆದಿಟ್ಟಿರುತ್ತಾರೆ.

ಇನ್ನೊಬ್ಬರ ಪ್ರಶ್ನೆ: ಎಂಜಿನ್, ಗೇರ್ ಬಾಕ್ಸ್ ಬಗ್ಗೆಯೂ ಹೇಳಿ ಸರ್.

ಉತ್ತರ: ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ, ನಾವು ಬರೋ ಮುಂಚೆ ಬಿಸಿ ಮಾಡಿಡಬೇಡಿ ಅಂತ ಮಾರುವವರಿಗೆ ಮೊದಲೇ ಹೇಳಿಬಿಡಿ. ಬಿಸಿಯಾದ ಮೇಲೆ 2000 ಆರ್‌ಪಿಎಂನಲ್ಲಿ ಆಯಿಲ್ ಪ್ರೆಶರ್ 35ರಿಂದ 60 ಪಿಎಸ್‌ಐ ಇರಬೇಕು. ಡ್ಯಾಶ್‌ನ ಮೀಟರ್ ನಂಬದೆ ಮೆಕ್ಯಾನಿಕಲ್ ಗೇಜ್ ಹಾಕಿಸಿ. ಕಂಪ್ರೆಶನ್ ಪರೀಕ್ಷೆಯಲ್ಲಿ ಅತಿ ಕಡಿಮೆ ಬಂದ ಸಿಲಿಂಡರ್, ಅತಿ ಹೆಚ್ಚು ಬಂದದ್ದರ ಶೇ. 75ಕ್ಕಿಂತ ಕೆಳಗಿಳಿಯಬಾರದು. ಗೇರ್ ಬಾಕ್ಸ್ ಫೋರ್ಡ್‌ನ ಸಿ4 ಆಟೋಮ್ಯಾಟಿಕ್, ಅದರ ಆಯಿಲ್ ಟೈಪ್ ಎಫ್. ಸೈಲೆನ್ಸರ್‌ನಿಂದ ಬಿಳಿ ಹೊಗೆ ಬರ್ತಾ ಗೇರ್ ಆಯಿಲೂ ಕಡಿಮೆ ಆಗ್ತಿದ್ದರೆ ಗೇರ್ ಬಾಕ್ಸಿನ ವ್ಯಾಕ್ಯೂಮ್ ಮಾಡ್ಯುಲೇಟರ್ ಅನ್ನೋ ಭಾಗದ ಒಳಪೊರೆ (ಡಯಾಫ್ರಮ್) ಹರಿದಿದೆ, ಎಂಜಿನ್ ಆ ಆಯಿಲ್ ಎಳ್ಕೊಂಡು ಸುಡ್ತಿದೆ. ಸಣ್ಣ ಭಾಗ, ಹೆದರೋದು ಬೇಡ.

ಬ್ರೇಕ್‌ಗೆ 1967ರಿಂದ ಎರಡು ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರ್ ಬಂದಿತ್ತು. ಒಂದೇ ಖಾನೆಯದು ಕಂಡರೆ ಯಾರೋ ಹಳೇ ಭಾಗ ಹಾಕಿದ್ದಾರೆ, ಬದಲಾಯಿಸದೆ ರಸ್ತೆಗಿಳಿಸಬೇಡಿ. ಹೆಡ್‌ಲೈಟ್ ಹಾಕಿ ಹತ್ತು ನಿಮಿಷ ಬಿಡಿ. ದೀಪದ ಕರೆಂಟೆಲ್ಲ ಸ್ವಿಚ್ ಮೂಲಕವೇ ಹರಿಯೋದು. ಸ್ವಿಚ್ ಸವೆದಿದ್ದರೆ ಬಿಸಿಯಾಗಿ ದೀಪ ಆರಿ ಆರಿ ಹತ್ತುತ್ತೆ.

ಪ್ರಶ್ನೆ: ಕಾಗದಪತ್ರ, ಇನ್ಶೂರೆನ್ಸ್?

ಉತ್ತರ: ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕಿಂತ ಹಳೇ ಪೆಟ್ರೋಲ್ ಕಾರಿಗೆ ಸ್ಮಾಗ್ ಚೆಕ್ (ಹೊಗೆ ಪರೀಕ್ಷೆ) ಇಲ್ಲ. ಟೈಟಲ್ ಮೇಲೆ ಸಾಲ ಕೊಟ್ಟವರ ಹೆಸರಿದ್ದರೆ ಅವರ ಸಹಿ ಬಿದ್ದ ಮೇಲೇ ದುಡ್ಡು ಕೊಡಿ. ಕೊಂಡ 10 ದಿನದೊಳಗೆ ಡಿಎಂವಿಯಲ್ಲಿ (ವಾಹನ ನೋಂದಣಿ ಕಚೇರಿ) ವರ್ಗಾವಣೆಗೆ ಕೊಡಬೇಕು. ಮಾರಿದವರು 5 ದಿನದೊಳಗೆ ತಿಳಿಸಬೇಕು. ಇನ್ಶೂರೆನ್ಸ್ ಮಾತ್ರ ಅಗ್ರೀಡ್ ವ್ಯಾಲ್ಯೂ (ಮೊದಲೇ ಒಪ್ಪಿಕೊಂಡ ಬೆಲೆ ಕೊಡೋ) ಪಾಲಿಸಿಯೇ ಆಗಲಿ. ಮಾಮೂಲಿ ಪಾಲಿಸಿ ಸವಕಳಿ ಕಳೆದು ಕೊಡುತ್ತೆ, ರಿಸ್ಟೋರ್ ಮಾಡಿದ ಕಾರಿಗೆ ಅದು ಏನಕ್ಕೂ ಸಾಲದು.

ಮನೆಗೆ ತಂದ ಮೇಲೆ ಮೊದಲ ಕೆಲಸ, ರಬ್ಬರ್ ಪೆಟ್ರೋಲ್ ಪೈಪುಗಳೆಲ್ಲ ಬದಲಾಯಿಸಿ. ಈಗಿನ ಪೆಟ್ರೋಲ್‌ನಲ್ಲಿ ಶೇ. 10 ಎಥೆನಾಲ್ ಇರುತ್ತೆ, ಹಳೇ ರಬ್ಬರ್ ಅದಕ್ಕೆ ಮೆತ್ತಗಾಗಿ ಒಡೆದು ಬಿಸಿ ಎಂಜಿನ್ ಮೇಲೇ ಸೋರುತ್ತೆ. ಪೈಪ್ ಮೇಲೆ ಎಸ್‌ಎಇ 30ಆರ್7 ಅಥವಾ 30ಆರ್9 ಅಂತ ಅಚ್ಚಿರಬೇಕು. ಎಂಜಿನ್ ಆಯಿಲ್ ಕೊಳ್ಳುವಾಗ ಜಿಂಕ್ ಹೆಚ್ಚಿರೋದು, ಅಂದರೆ 1000 ಪಿಪಿಎಂ ಮೇಲ್ಪಟ್ಟದ್ದು ನೋಡಿ ತಗೊಳ್ಳಿ. ಇದರ ಕ್ಯಾಮ್‌ಶಾಫ್ಟ್ ಫ್ಲಾಟ್ ಟ್ಯಾಪೆಟ್‌ನದು, ಜಿಂಕ್ ಕಡಿಮೆಯಾದರೆ ಅದರ ಲೋಬ್ (ವಾಲ್ವ್ ಎತ್ತೋ ಉಬ್ಬು) ಸವೆದುಹೋಗುತ್ತೆ.